ಒಂದು ಜಾಸ್ತಿ ಬಂದ ಲೆಕ್ಕ: ಗಣಿತದ ತಂತ್ರಾಂಶದಲ್ಲಿ ಅಡಗಿದ ತಪ್ಪನ್ನು ಹುಡುಕುವ ಬಗೆ

1ರಿಂದ 1,000 ಕೋಟಿಯ ತನಕ ಅವಿಭಾಜ್ಯ ಸಂಖ್ಯೆಗಳು ಎಷ್ಟಿವೆ? 45,50,52,511. ನಮ್ಮ ಲ್ಯಾಪ್‌ಟಾಪ್ ರಾತ್ರಿಯಿಡೀ ಓಡಿ ಬೆಳಿಗ್ಗೆ ತೋರಿಸಿದ್ದು 45,50,52,512. ಒಂದು ಜಾಸ್ತಿ.

ದಾವಣಗೆರೆಯ ಹದಡಿ ರಸ್ತೆ ಕಡೆ ಒಂದು ಮಹಡಿ ಕೋಣೆಯಲ್ಲಿ ಸಂಜೆ ಹೊತ್ತು ಬಿಎಸ್ಸಿ ಮತ್ತು ಇಂಜಿನಿಯರಿಂಗ್ ಮಕ್ಕಳಿಗೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ಒಂದು ಸಣ್ಣ ಓಪನ್ ಸೋರ್ಸ್ ಗಣಿತದ ಪ್ಯಾಕೇಜನ್ನು ಅಲ್ಲಿ ವರ್ಷಗಳಿಂದ ಬಳಸುತ್ತಿದ್ದೇವೆ. ಯಾರೋ ಒಬ್ಬರು ತಮ್ಮ ಬಿಡುವಿನ ಹೊತ್ತಿನಲ್ಲಿ ಬರೆದು ಎಲ್ಲರಿಗೂ ಪುಕ್ಕಟೆ ಕೊಟ್ಟದ್ದು. ಹೆಸರು ಇಲ್ಲಿ ಬೇಡ. ತಪ್ಪು ಈಗ ಸರಿಯಾಗಿದೆ, ಬರೆದವರ ಮೇಲೆ ನನಗೆ ಗೌರವ ಜಾಸ್ತಿಯೇ ಆಗಿದೆ. ಆದರೆ ಆ ತಪ್ಪು 11 ವರ್ಷ ಅಲ್ಲೇ ಕೂತಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಅದನ್ನು ಹೇಗೆ ಹಿಡಿದೆವು ಅನ್ನುವುದನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ನಿಮ್ಮ ತಂತ್ರಾಂಶವೂ ಒಂದು ದಿನ ಹೀಗೆ ಅನುಮಾನ ಹುಟ್ಟಿಸಿದರೆ ಇದೇ ದಾರಿಯಲ್ಲಿ ಹೋಗಬಹುದು.

"ಸರ್, 45 ಕೋಟಿಯಲ್ಲಿ ಒಂದೇ ಅಲ್ವಾ, ಬಿಡಿ" ಎಂದ ಒಬ್ಬ ಹುಡುಗ. ಅಳತೆಯಲ್ಲಾದರೆ ಬಿಡಬಹುದಿತ್ತು. ಇದು ಎಣಿಕೆ. ಎಣಿಕೆಯಲ್ಲಿ ಒಂದು ಹೆಚ್ಚು ಬಂತು ಅಂದರೆ ಎಲ್ಲೋ ಒಂದು ಸಂಖ್ಯೆ ತಾನಲ್ಲದ್ದನ್ನು ತಾನು ಅಂತ ಹೇಳಿಕೊಂಡು ಒಳಗೆ ಬಂದಿದೆ.

ಮೊದಲ ಪ್ರಶ್ನೆ: ನಿಜಕ್ಕೂ ತಪ್ಪು ಅದರದ್ದೇನಾ?

ಉತ್ತರ ಬೇರೆ ಬಂದ ಕೂಡಲೇ ತಂತ್ರಾಂಶವನ್ನು ದೂರಬೇಡಿ. ನಾವು ಸರಿ ಅಂದುಕೊಂಡಿರುವ ಉತ್ತರವೇ ತಪ್ಪಿರಬಹುದು. ಅಥವಾ ನಾವು ಕೇಳಿದ ಪ್ರಶ್ನೆಯೇ ಬೇರೆ ಇರಬಹುದು. 1,000 ಕೋಟಿಯ ತನಕ ಅಂದರೆ 1,000 ಕೋಟಿಯೂ ಸೇರಿತಾ? 1 ಅವಿಭಾಜ್ಯವಲ್ಲ, ಅದನ್ನು ಎಣಿಸಿಬಿಟ್ಟೆವಾ? ಒಂದು ಜಾಸ್ತಿ ಬಂದಾಗ ಮೊದಲು ನೋಡಬೇಕಾದ್ದು ಈ ಅಂಚುಗಳನ್ನೇ. ನಾವು ನೋಡಿದೆವು. ಅಲ್ಲೇನೂ ಸಿಗಲಿಲ್ಲ.

ಆಮೇಲೆ ಚಿಕ್ಕ ಮಿತಿಗಳಿಗೆ ಎಣಿಸಿದೆವು. 10 ಲಕ್ಷದ ತನಕ 78,498. ಸರಿ. 1 ಕೋಟಿಯ ತನಕ 6,64,579. ಸರಿ. 100 ಕೋಟಿಯ ತನಕ 5,08,47,534. ಇದೂ ಸರಿ. ಅಂಚಿನ ತಪ್ಪಾಗಿದ್ದರೆ ಇಲ್ಲೂ ಒಂದು ಜಾಸ್ತಿ ಬರಬೇಕಿತ್ತು.

ಹೋಲಿಸಿ ನೋಡಲು ಇನ್ನೊಂದು ದಾರಿ ಬೇಕು, ಅದು ಪೂರ್ತಿ ಬೇರೆಯದೇ ಆಗಿರಬೇಕು. ಅದೇ ಪ್ಯಾಕೇಜನ್ನು ಒಳಗೆ ಬಳಸುವ ಮತ್ತೊಂದು ತಂತ್ರಾಂಶದಲ್ಲಿ ನೋಡಿದರೆ ಏನೂ ಪ್ರಯೋಜನವಿಲ್ಲ, ಎರಡೂ ಒಂದೇ ತಪ್ಪನ್ನು ಹೇಳುತ್ತವೆ. ಸೇಜ್‌ಮ್ಯಾತ್‌ನಂಥ ದೊಡ್ಡ ತಂತ್ರಾಂಶ ಒಳಗೊಳಗೆ ಪಾರಿ, ಗ್ಯಾಪ್, ಮ್ಯಾಕ್ಸಿಮಾ ಹೀಗೆ ಹತ್ತಾರು ತಂತ್ರಾಂಶಗಳನ್ನು ಕರೆಯುತ್ತದೆ. ಹಾಗಾಗಿ ನಿಮ್ಮ ಉತ್ತರ ಕೊನೆಗೆ ಯಾರ ಮನೆಯಿಂದ ಬಂತು ಅಂತ ಗೊತ್ತಿರಬೇಕು. ನಾವು ಎರಟೋಸ್ಥೆನಿಸ್ ಜರಡಿಯನ್ನು ಕೈಯಾರೆ ಬರೆದೆವು. ಅದು ಯಾವ ಸಂಖ್ಯೆಯನ್ನೂ ಪರೀಕ್ಷೆ ಮಾಡುವುದಿಲ್ಲ. 2ರ ಗುಣಕಗಳನ್ನು ಹೊಡೆದು ಹಾಕು, 3ರ ಗುಣಕಗಳನ್ನು ಹೊಡೆದು ಹಾಕು, ಉಳಿದದ್ದನ್ನು ಎಣಿಸು. ಅಷ್ಟೇ. 1,000 ಕೋಟಿಯನ್ನು ಒಟ್ಟಿಗೆ ಇಡಲು ಮೆಮೊರಿ ಸಾಲದು, ಅದಕ್ಕೆ ತುಂಡು ತುಂಡಾಗಿ ಜರಡಿ ಹಿಡಿಯಬೇಕು. ಜರಡಿ ಕೊಟ್ಟದ್ದು 45,50,52,511.

ಇಲ್ಲೊಂದು ಮಾತು. ಉತ್ತರ ವಿಚಿತ್ರವಾಗಿದೆ ಅನ್ನುವ ಒಂದೇ ಕಾರಣಕ್ಕೆ ಅದು ತಪ್ಪು ಅಂತ ತೀರ್ಮಾನ ಮಾಡಬೇಡಿ. ಡೇವಿಡ್ ಬೋರ್ವೈನ್ ಮತ್ತು ಅವರ ಮಗ ಜೊನಾಥನ್ ಬೋರ್ವೈನ್ 2001ರಲ್ಲಿ ತೋರಿಸಿದ ಒಂದು ಅನುಕಲನಗಳ ಸಾಲಿದೆ. 1, 3, 5, 7 ಎಂದು ಒಂದೊಂದೇ ಬೆಸ ಸಂಖ್ಯೆಯನ್ನು ಸೇರಿಸುತ್ತಾ ಹೋದರೆ 13ರ ತನಕ ಉತ್ತರ ಪ್ರತಿ ಸಲವೂ ಪೈಯ ಅರ್ಧ. 15 ಸೇರಿಸಿದ ಕೂಡಲೇ ಉತ್ತರ ಕೂದಲೆಳೆಯಷ್ಟು ಕಡಿಮೆ ಆಗುತ್ತದೆ. ನೋಡಿದವರಿಗೆ ಇದು ತಂತ್ರಾಂಶದ ಬಗ್ ಅಂತಲೇ ಅನ್ನಿಸುತ್ತದೆ. ಆದರೆ ಉತ್ತರ ಸರಿಯಾಗಿದೆ. 3, 5, 7, 9, 11, 13ರಿಂದ ಒಂದನ್ನು ಭಾಗಿಸಿ ಕೂಡಿದರೆ ಮೊತ್ತ 1 ದಾಟುವುದಿಲ್ಲ, 15 ಸೇರಿದಾಗ ದಾಟುತ್ತದೆ. ಕಾರಣ ಅಲ್ಲಿದೆ. ನಮ್ಮ ವಿಷಯದಲ್ಲಿ ಇಂಥ ಅನುಮಾನಕ್ಕೆ ಜಾಗ ಇರಲಿಲ್ಲ. ಜರಡಿ ಒಂದು ಹೇಳುತ್ತಿದೆ, ಪ್ಯಾಕೇಜ್ ಇನ್ನೊಂದು ಹೇಳುತ್ತಿದೆ.

ಯಂತ್ರವನ್ನೂ ಒಮ್ಮೆ ನೋಡಿ

ಇದನ್ನು ಬೇಗ ಮುಗಿಸಬಹುದು. ಇನ್ನೊಂದು ಲ್ಯಾಪ್‌ಟಾಪ್‌ನಲ್ಲಿ, ಸಾಧ್ಯವಾದರೆ ಬೇರೆ ಕಂಪನಿಯ ಪ್ರೊಸೆಸರ್ ಇರುವುದರಲ್ಲಿ, ಅದೇ ಲೆಕ್ಕ ಓಡಿಸಿ. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್, ವೇಗಕ್ಕಾಗಿ ಮಾಡುವ ಬದಲಾವಣೆಗಳನ್ನು (ಆಪ್ಟಿಮೈಸೇಶನ್) ತೆಗೆದು ಇನ್ನೊಮ್ಮೆ ಓಡಿಸಿ. ಉತ್ತರ ಪ್ರತಿ ಸಲ ಬೇರೆ ಬೇರೆ ಬಂದರೆ ಮೆಮೊರಿಯನ್ನೋ, ಬಿಸಿಯಾದ ಯಂತ್ರವನ್ನೋ ಅನುಮಾನಿಸಿ. ಪ್ರತಿ ಸಲ ಅದೇ ತಪ್ಪು ಬಂದರೆ ಕೋಡ್ ಕಡೆ ತಿರುಗಿ. ನಮಗೆ ಮೂರು ಸಲವೂ ಅದೇ 512.

ಯಂತ್ರದ ತಪ್ಪು ಅಪರೂಪ, ಆದರೂ ನಡೆದಿದೆ. 1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿ ಅವಳಿ ಅವಿಭಾಜ್ಯಗಳ ಲೆಕ್ಕ ಮಾಡುವಾಗ ಉತ್ತರ ಹೊಂದಲಿಲ್ಲ. ತಮ್ಮ ಕೋಡ್, ಕಂಪೈಲರ್, ಯಂತ್ರದ ಬೇರೆ ಭಾಗಗಳು ಹೀಗೆ ಒಂದೊಂದನ್ನೇ ಬದಿಗಿಡುತ್ತಾ ಹೋಗಿ ಕೊನೆಗೆ ಪೆಂಟಿಯಂ ಪ್ರೊಸೆಸರ್ ಹತ್ತಿರ ಬಂದು ನಿಂತರು. 41,95,835 ಅನ್ನು 31,45,727ರಿಂದ ಭಾಗಿಸಿದರೆ 1.33382 ಬರಬೇಕಾದ ಕಡೆ ಅದು 1.33374 ಕೊಡುತ್ತಿತ್ತು. ಭಾಗಾಕಾರಕ್ಕೆ ಬಳಸುವ ಕೋಷ್ಟಕದಲ್ಲಿ ಐದು ಮನೆಗಳು ಖಾಲಿ ಬಿಟ್ಟಿದ್ದವು. ಅವರ ತಾಳ್ಮೆ ನೆನಪಾದಾಗಲೆಲ್ಲ ನನಗೆ ಧೈರ್ಯ ಬರುತ್ತದೆ.

ತಪ್ಪಿನ ಆಕಾರ ನೋಡಿ

ಕೋಡ್ ತೆರೆಯುವ ಮೊದಲು ತಪ್ಪನ್ನೇ ಸ್ವಲ್ಪ ಹೊತ್ತು ನೋಡಬೇಕು. ಎಷ್ಟು ತಪ್ಪು? ಯಾವ ಕಡೆಗೆ? ಎಲ್ಲಿಂದ ಶುರು?

ಜಾಸ್ತಿ ಬಂದಿದೆ ಅಂದರೆ ಸಂಯುಕ್ತ ಸಂಖ್ಯೆಯೊಂದು ಅವಿಭಾಜ್ಯ ಅಂತ ಒಳಗೆ ಬಂದಿದೆ. ಕಡಿಮೆ ಬಂದಿದ್ದರೆ ಅವಿಭಾಜ್ಯವೊಂದನ್ನು ಹೊರಗೆ ತಳ್ಳಿದೆ. ಈ ಎರಡಕ್ಕೂ ಕಾರಣಗಳು ಬೇರೆ ಬೇರೆ. ಒಂದು ಸಂಖ್ಯೆ ಅವಿಭಾಜ್ಯವೇ ಅಂತ ಬೇಗ ನೋಡಲು ಈ ಥರದ ಪ್ಯಾಕೇಜುಗಳು ಹೆಚ್ಚಾಗಿ ಬಳಸುವುದು ಮಿಲ್ಲರ್-ರಾಬಿನ್ ಪರೀಕ್ಷೆ. ಅದನ್ನು ಸರಿಯಾಗಿ ಬರೆದಿದ್ದರೆ ಅವಿಭಾಜ್ಯವನ್ನು ಎಂದೂ ಹೊರಗೆ ತಳ್ಳುವುದಿಲ್ಲ. ತಪ್ಪಿದರೆ ಒಳಗೆ ಬಿಟ್ಟುಕೊಳ್ಳುವ ಕಡೆಗೇ ತಪ್ಪುತ್ತದೆ. ನಮಗೆ ಬಂದದ್ದೂ ಜಾಸ್ತಿಯೇ. ಇದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡೆವು, ಆದರೆ ಆಗ ಅದಕ್ಕೆ ಕೊಡಬೇಕಾದಷ್ಟು ಬೆಲೆ ಕೊಡಲಿಲ್ಲ.

ಇನ್ನೊಂದು ಎಚ್ಚರಿಕೆ. ಎಣಿಕೆ ಸರಿ ಬಂದರೆ ಎಲ್ಲ ಸರಿ ಅಂತಲ್ಲ. ಒಂದು ತಪ್ಪಾಗಿ ಒಳಗೆ ಬಂದು ಇನ್ನೊಂದು ತಪ್ಪಾಗಿ ಹೊರಗೆ ಹೋದರೆ ಎಣಿಕೆ ಸಮ ಆಗಿಬಿಡುತ್ತದೆ. ಅದಕ್ಕೆ ಎಣಿಕೆಯ ಜೊತೆ ಮೊತ್ತವನ್ನೂ ಇಟ್ಟುಕೊಳ್ಳಿ.

ಎಲ್ಲಿದೆ ಅದು?

100 ಕೋಟಿಯ ತನಕ ಸರಿ, 1,000 ಕೋಟಿಗೆ ತಪ್ಪು. ನಡುವೆ ಎಲ್ಲೋ ಇದೆ. ಇಂಥ ಕಡೆ ಕಂಪ್ಯೂಟರಿನ ಸಹಜ ಗಡಿಗಳನ್ನು ಮೊದಲು ನೋಡುವುದು ರೂಢಿ. 2ರ 31ನೇ ಘಾತ, ಅಂದರೆ 2,14,74,83,648. ಅಲ್ಲಿಯ ತನಕ 10,50,97,565 ಅವಿಭಾಜ್ಯಗಳು. ಪ್ಯಾಕೇಜೂ ಅಷ್ಟೇ ಹೇಳಿತು. 2ರ 32ನೇ ಘಾತ, 4,29,49,67,296. ಅಲ್ಲಿಯ ತನಕ 20,32,80,221 ಇರಬೇಕು. ಪ್ಯಾಕೇಜ್ 20,32,80,222 ಅಂದಿತು.

ಎಲ್ಲರೂ ಒಟ್ಟಿಗೆ "ಓವರ್‌ಫ್ಲೋ!" ಎಂದೆವು. 31 ಬಿಟ್ ದಾಟಿದ ಮೇಲೆ, 32 ಬಿಟ್ ಮುಗಿಯುವುದರೊಳಗೆ. ಯಾರಿಗಾದರೂ ಹಾಗೆಯೇ ಅನ್ನಿಸುತ್ತದೆ. ಚಿಹ್ನೆ ಇರುವ 32 ಬಿಟ್ ಪೆಟ್ಟಿಗೆಯಲ್ಲಿ ಅಷ್ಟು ದೊಡ್ಡ ಸಂಖ್ಯೆ ಹಿಡಿಸುವುದಿಲ್ಲ, ಋಣ ಸಂಖ್ಯೆಯಾಗಿ ತಿರುಗುತ್ತದೆ. ಎರಡು ಸಂಜೆ ಕೋಡಿನಲ್ಲಿರುವ ಪ್ರತಿ ಗುಣಾಕಾರವನ್ನೂ ಓದಿದೆವು. ಎಲ್ಲವೂ 64 ಬಿಟ್, ಬೇಕಾದ ಕಡೆ 128. ಬರೆದವರು ಬಹಳ ಜೋಪಾನವಾಗಿ ಬರೆದಿದ್ದರು.

ಎರಡನೇ ಸಂಜೆಯ ಕೊನೆಗೆ ಚೀಟಿ ಮತ್ತೆ ಕೈಗೆ ಬಂತು. ಒಂದು, ಜಾಸ್ತಿ. ಆ ಎರಡು ಗಡಿಗಳ ನಡುವೆ 9,81,82,656 ಅವಿಭಾಜ್ಯಗಳಿವೆ. ಓವರ್‌ಫ್ಲೋ ಆಗಿದ್ದರೆ ಲಕ್ಷಗಟ್ಟಲೆ ಸಂಖ್ಯೆಗಳು ಕೆಡಬೇಕಿತ್ತು. ಒಂದೇ ಒಂದು ಕೆಟ್ಟಿದೆ ಅಂದರೆ ಇದು ಬೇರೆ ಜಾತಿಯ ತಪ್ಪು. ಗಡಿ ನೋಡಿ ಕಾರಣ ಊಹಿಸಿದ್ದು ಸರಿಯಾಗಲಿಲ್ಲ. ತಪ್ಪಿನ ಸಂಖ್ಯೆ ನೋಡಿದ್ದರೆ ಆ ಎರಡು ಸಂಜೆ ಉಳಿಯುತ್ತಿದ್ದವು.

ಆಗ ನಮ್ಮ ಹುಡುಗಿಯೊಬ್ಬಳು ಮಾತಾಡಿದಳು. ಅವಳ ಅಪ್ಪ ಇಲ್ಲಿನ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ. ಮೆಕ್ಕೆಜೋಳದ ಕಾಲದಲ್ಲಿ ಲಾರಿಗಟ್ಟಲೆ ಚೀಲ ಇಳಿಸುವ ಕೆಲಸ. "ಸರ್, ಚೀಲ ಒಂದು ಹೆಚ್ಚು ಕಮ್ಮಿ ಆದ್ರೆ ನಮ್ಮಪ್ಪ ಎಲ್ಲಾ ಮತ್ತೆ ಎಣಿಸಲ್ಲ. ಅರ್ಧ ಸಾಲು ಎಣಿಸಿ ಚೀಟಿ ಜೊತೆ ನೋಡ್ತಾರೆ. ಅದು ಸರಿ ಇದ್ರೆ ಉಳಿದರ್ಧದಲ್ಲಿ ಹುಡುಕ್ತಾರೆ" ಎಂದಳು.

ಅದನ್ನೇ ಮಾಡಿದೆವು. ಎರಡು ಗಡಿಗಳ ನಟ್ಟನಡುವಿನ ಸಂಖ್ಯೆ 3,22,12,25,472. ಮೊದಲರ್ಧದಲ್ಲಿ ಜರಡಿಯ ಎಣಿಕೆಯನ್ನೂ ಪ್ಯಾಕೇಜಿನ ಎಣಿಕೆಯನ್ನೂ ಹೋಲಿಸಿದೆವು. ಒಂದು ಜಾಸ್ತಿ. ಹಾಗಾದರೆ ಅದು ಮೊದಲರ್ಧದಲ್ಲಿದೆ. ಅದನ್ನೂ ಅರ್ಧ ಮಾಡು. 2,68,43,54,560. ಇದರ ಕೆಳಗೆ ಎಣಿಕೆ ಸರಿ, ಹಾಗಾದರೆ ಮೇಲಿದೆ. ಹೀಗೆ. ಇದರ ಚಂದ ಏನೆಂದರೆ ಪ್ರತಿ ಸಲ ಕೆಲಸವೂ ಅರ್ಧ ಆಗುತ್ತದೆ. ಅರ್ಧ, ಕಾಲು, ಅರೆಕಾಲು ಎಲ್ಲ ಕೂಡಿದರೂ ಒಂದು ಪೂರ್ತಿ ಸುತ್ತಿನಷ್ಟು ಆಗುವುದಿಲ್ಲ. 31 ಸಲ ಮಾಡಿದರೆ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತೇವೆ, ಆದರೆ ಅಷ್ಟು ಬೇಡ. 15 ಸಲ ಆದಾಗ 65,536 ಸಂಖ್ಯೆಗಳ ತುಂಡು ಉಳಿಯಿತು. ಅದರಲ್ಲಿ ಅವಿಭಾಜ್ಯಗಳು ಸುಮಾರು 3,000. ಅಲ್ಲಿಗೆ ಎಣಿಕೆ ನಿಲ್ಲಿಸಿ ಎರಡೂ ಪಟ್ಟಿಗಳನ್ನು ಫೈಲಿಗೆ ಬರೆದು ಅಕ್ಕಪಕ್ಕ ಇಟ್ಟು ಹೋಲಿಸಿದೆವು.

ಅರ್ಧ ಮಾಡುವ ಕೋಡ್ ಬರೆಯುವಾಗ ಒಂದು ಜಾಗ್ರತೆ. ನಡುವಿನ ಸಂಖ್ಯೆ ಬೇಕು ಅಂತ ಎರಡು ತುದಿಗಳನ್ನು ಕೂಡಿ 2ರಿಂದ ಭಾಗಿಸುತ್ತೇವೆ. 32 ಬಿಟ್‌ನಲ್ಲಿ ಬರೆದರೆ ಕೂಡುವಾಗಲೇ ಹಿಡಿಸದೆ ಹೋಗುತ್ತದೆ. ಜಾವಾ ಭಾಷೆಯ ಜೊತೆ ಬರುವ ಬೈನರಿ ಸರ್ಚ್‌ನಲ್ಲೇ (ಹೀಗೆ ಅರ್ಧ ಮಾಡುತ್ತಾ ಹುಡುಕುವ ಕೋಡ್) ಈ ತಪ್ಪು ಸುಮಾರು 9 ವರ್ಷ ಇತ್ತು. ಅದನ್ನು ಬರೆದ ಜೋಶುವಾ ಬ್ಲಾಕ್ ಅವರೇ 2006ರಲ್ಲಿ ಎಲ್ಲರಿಗೂ ತಿಳಿಸಿದರು. ಕೆಳಗಿನ ತುದಿಗೆ ವ್ಯತ್ಯಾಸದ ಅರ್ಧವನ್ನು ಕೂಡಿದರೆ ಆ ತೊಂದರೆ ಇಲ್ಲ. ದೋಷ ಹುಡುಕುವ ಕೋಡಿನಲ್ಲೇ ದೋಷ ಇದ್ದರೆ ಹುಡುಕಾಟ ಮುಗಿಯುವುದೇ ಇಲ್ಲ.

ಪಟ್ಟಿ ಹೋಲಿಸಿದಾಗ ಒಂದೇ ಸಾಲು ಉಳಿಯಿತು: 3,21,50,31,751.

ಕೈಯಲ್ಲಿ ನೋಡಿ

ಈ ಹಂತವನ್ನು ಯಾರೂ ಬಿಡಬಾರದು. ಎರಡು ತಂತ್ರಾಂಶಗಳ ನಡುವೆ ಜಗಳ ಇದ್ದಾಗ ತೀರ್ಪು ಕೊಡಬೇಕಾದವರು ನಾವು.

ಕೊನೆ ಅಂಕಿ 1, ಹಾಗಾಗಿ 2ರಿಂದಲೂ 5ರಿಂದಲೂ ಹೋಗುವುದಿಲ್ಲ. ಅಂಕಿಗಳ ಮೊತ್ತ 28, 3ರಿಂದ ಹೋಗುವುದಿಲ್ಲ. 7ರಿಂದ ಭಾಗಿಸಿದರೆ 1 ಉಳಿಯುತ್ತದೆ. ಹುಡುಗಿ ಫೋನಿನ ಕ್ಯಾಲ್ಕುಲೇಟರ್ ತೆಗೆದು ಒಂದೊಂದೇ ಅವಿಭಾಜ್ಯದಿಂದ ಭಾಗಿಸುತ್ತಾ ಕೂತಳು. ಉಳಿದವರು ಸುತ್ತ ನಿಂತರು. 11, 13, 17. ಪ್ರತಿ ಸಲವೂ ಬಿಂದುವಿನ ಹಿಂದೆ ಉದ್ದದ ಬಾಲ. 97 ಆಯಿತು, 100 ದಾಟಿತು. 139. 149. ಆಮೇಲೆ 151 ಒತ್ತಿದಳು. ಪರದೆಯ ಮೇಲೆ 21291601. ಬಾಲ ಇಲ್ಲ. ಬಿಂದುವೇ ಇಲ್ಲ.

ಯಾರೂ ಏನೂ ಮಾತಾಡಲಿಲ್ಲ. ಅವಳು ಅಳಿಸಿ ಇನ್ನೊಮ್ಮೆ ಒತ್ತಿದಳು. ಅದೇ. 2,12,91,601 ಮತ್ತೆ ಒಡೆದು 751 ಮತ್ತು 28,351 ಆಯಿತು. 151, 751, 28,351. ಮೂರರ ಗುಣಲಬ್ಧ ಇದು. ಪ್ಯಾಕೇಜ್ ಇದನ್ನು ಅವಿಭಾಜ್ಯ ಅನ್ನುತ್ತಿತ್ತು.

ಕೋಡಿನ ಒಳಗೆ

ಸಂಖ್ಯೆ ಕೈಗೆ ಸಿಕ್ಕ ಮೇಲೆ ಕೋಡ್ ಓದುವುದು ಸುಲಭ. ಸಾವಿರ ಸಾಲು ಓದುವುದು ಬೇಡ, ಈ ಒಂದು ಸಂಖ್ಯೆ ಯಾವ ಬಾಗಿಲಿಂದ ಯಾವ ಬಾಗಿಲಿಗೆ ಹೋಗುತ್ತದೆ ಅಂತ ಹಿಂಬಾಲಿಸಿದರೆ ಸಾಕು.

ಮೊದಲ ಬಾಗಿಲು, 100ರ ಒಳಗಿನ 25 ಅವಿಭಾಜ್ಯಗಳಿಂದ ಭಾಗಿಸಿ ನೋಡುವುದು. ನಮ್ಮ ಸಂಖ್ಯೆಯ ಚಿಕ್ಕ ಅಪವರ್ತನ 151. ಸಲೀಸಾಗಿ ದಾಟಿತು. ಎರಡನೇ ಬಾಗಿಲು ಮಿಲ್ಲರ್-ರಾಬಿನ್. ಅಲ್ಲಿ ಒಂದು ಸಾಲಿನ ಟಿಪ್ಪಣಿ ಇತ್ತು: 2,500 ಕೋಟಿಗಿಂತ ಕಡಿಮೆ ಇದ್ದರೆ 2, 3, 5, 7 ಈ ನಾಲ್ಕು ಆಧಾರ ಸಂಖ್ಯೆಗಳು (ಅಂದರೆ ಪರೀಕ್ಷೆ ಮಾಡಲು ಬಳಸುವ ಸಂಖ್ಯೆಗಳು) ಸಾಕು.

ಈ ಮಾತು ಎಲ್ಲಿಂದ ಬಂತು ಅಂತ ಹುಡುಕಿದೆವು. 1980ರಲ್ಲಿ ಪೊಮರಾನ್ಸ್, ಸೆಲ್ಫ್ರಿಜ್, ವ್ಯಾಗ್‌ಸ್ಟಾಫ್ ಎಂಬ ಮೂವರು ಗಣಿತಜ್ಞರು 2,500 ಕೋಟಿಯ ತನಕ ಇಂಥ ಮೋಸಗಾರ ಸಂಖ್ಯೆಗಳನ್ನು ಹುಡುಕಿ ಪ್ರಕಟಿಸಿದರು. 2, 3, 5 ಮೂರನ್ನೂ ದಾಟುವ ಸಂಯುಕ್ತ ಸಂಖ್ಯೆಗಳು ಅಲ್ಲಿ 13. ಅವುಗಳಲ್ಲಿ 7ನ್ನೂ ದಾಟುವುದು ಒಂದೇ ಒಂದು. ಅದು 3,21,50,31,751. ಮೂಲದಲ್ಲಿ "ಇದೊಂದನ್ನು ಬಿಟ್ಟು" ಅಂತ ಇದೆ. ನಮ್ಮ ಪ್ಯಾಕೇಜಿಗೆ ಬರುವ ಹೊತ್ತಿಗೆ ಆ ಮಾತು ಉದುರಿಹೋಗಿತ್ತು. ಬಗ್ ಅಂದರೆ ಇಷ್ಟೇ.

ನಾಲ್ಕು ಆಧಾರಗಳೂ ಒಟ್ಟಿಗೆ ಯಾಕೆ ಮೋಸ ಹೋದವು ಅನ್ನುವುದು ನನಗೆ ಬಹಳ ಇಷ್ಟವಾದ ಭಾಗ, ಅದಕ್ಕೆ ಸ್ವಲ್ಪ ನಿಲ್ಲುತ್ತೇನೆ. ಪರೀಕ್ಷೆ ಹೀಗೆ ನಡೆಯುತ್ತದೆ. ಸಂಖ್ಯೆಯಿಂದ 1 ಕಳೆ: 3,21,50,31,750. ಬೆಸ ಸಂಖ್ಯೆ ಸಿಗುವ ತನಕ ಅರ್ಧ ಮಾಡು. ಇಲ್ಲಿ ಒಂದೇ ಸಲಕ್ಕೆ ಸಿಗುತ್ತದೆ: 1,60,75,15,875. ಈಗ ಆಧಾರ ಸಂಖ್ಯೆಯನ್ನು ಅಷ್ಟು ಘಾತಕ್ಕೆ ಏರಿಸಿ, ಮೂಲ ಸಂಖ್ಯೆಯಿಂದ ಭಾಗಿಸಿ, ಶೇಷ ನೋಡು. ಮೂಲ ಸಂಖ್ಯೆ ಅವಿಭಾಜ್ಯವಾಗಿದ್ದರೆ ಶೇಷ 1 ಇರಬೇಕು, ಇಲ್ಲವೇ ಮೈನಸ್ 1, ಅಂದರೆ ಮೂಲ ಸಂಖ್ಯೆಗಿಂತ ಒಂದು ಕಡಿಮೆ.

ಇದೇ ಶೇಷವನ್ನು ಮೂರು ಅಪವರ್ತನಗಳ ಕಡೆಯಿಂದ ನೋಡಿ. ಮೂವರು ಸಾಕ್ಷಿಗಳನ್ನು ಬೇರೆ ಬೇರೆ ಕೂರಿಸಿ ಕೇಳಿದ ಹಾಗೆ. ಆಧಾರ 2 ಕೇಳಿದಾಗ 151, 751, 28,351 ಮೂರೂ 1 ಅಂದವು. 3 ಕೇಳಿದಾಗ ಮೂರೂ ಮೈನಸ್ 1. 5ಕ್ಕೆ ಮೂರೂ 1. 7ಕ್ಕೆ ಮೂರೂ ಮೈನಸ್ 1. ನಾಲ್ಕು ಸಲ ಕೇಳಿದರೂ ಒಂದೇ ಮಾತು. ಹಾಗಾಗಿ ಒಬ್ಬನೇ ಮಾತಾಡಿದ ಹಾಗೆ ಕೇಳಿಸಿತು. 11 ಕೇಳಿದಾಗ ಒಡೆಯಿತು. 151 ಅಂದದ್ದು 1, ಉಳಿದೆರಡು ಅಂದದ್ದು ಮೈನಸ್ 1. ಒಂದೇ ಒಂದು ಪ್ರಶ್ನೆ ಜಾಸ್ತಿ ಕೇಳಿದ್ದರೆ ಸಿಕ್ಕಿಬೀಳುತ್ತಿತ್ತು.

ಮೂರೂ ಹೀಗೆ ಹೊಂದಿಕೊಳ್ಳಲು ಕಾರಣವೂ ಇದೆ. 150, 750, 28,350 ಮೂರೂ 3,21,50,31,750 ಅನ್ನು ಶೇಷವಿಲ್ಲದೆ ಭಾಗಿಸುತ್ತವೆ. ಇಂಥದ್ದಕ್ಕೆ ಕಾರ್ಮೈಕಲ್ ಸಂಖ್ಯೆ ಅನ್ನುತ್ತಾರೆ, ಅವುಗಳಲ್ಲಿ ಎಲ್ಲಕ್ಕಿಂತ ಚಿಕ್ಕದು 561. ಯಾವ ಸಂಯುಕ್ತ ಸಂಖ್ಯೆಯೂ ಮಿಲ್ಲರ್-ರಾಬಿನ್‌ನಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಆಧಾರಗಳನ್ನು ಮೋಸ ಮಾಡಲಾರದು. ನಮ್ಮ ಸಂಖ್ಯೆ ಹೆಚ್ಚುಕಡಿಮೆ ಆ ಕಾಲು ಭಾಗವನ್ನು ಪೂರ್ತಿ ಬಳಸಿಕೊಂಡಿದೆ. ಆ ಕಾಲು ಭಾಗದಲ್ಲೇ 2, 3, 5, 7 ನಾಲ್ಕೂ ಬಿದ್ದುಬಿಟ್ಟಿವೆ.

11 ವರ್ಷ ಯಾಕೆ ಸಿಗಲಿಲ್ಲ

ಪ್ಯಾಕೇಜಿಗೆ ಟೆಸ್ಟುಗಳಿದ್ದವು. 10 ಲಕ್ಷದ ತನಕ ಪ್ರತಿ ಸಂಖ್ಯೆಯನ್ನೂ ನೋಡುತ್ತಿದ್ದವು, ಅದರಾಚೆ ಒಂದು ಲಕ್ಷ ಸಂಖ್ಯೆಗಳನ್ನು ಯದ್ವಾತದ್ವಾ ಆರಿಸಿ ನೋಡುತ್ತಿದ್ದವು. 2,500 ಕೋಟಿಯಲ್ಲಿ ಒಂದು ಸಂಖ್ಯೆ ಕೆಟ್ಟಿದ್ದರೆ ಒಂದು ಲಕ್ಷ ಆರಿಸಿದಾಗ ಅದು ಸಿಗುವ ಸಾಧ್ಯತೆ ಎರಡೂವರೆ ಲಕ್ಷದಲ್ಲಿ ಒಂದು. ಟೆಸ್ಟ್ ಪಾಸಾಗುತ್ತಲೇ ಇತ್ತು. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಗಣಿತದ ಕೋಡಿಗೆ ಕಣ್ಣು ಮುಚ್ಚಿ ಆರಿಸಿದ ಸಂಖ್ಯೆಗಳು ಸಾಲವು, ಕೆಟ್ಟವು ಅಂತ ಗೊತ್ತಿರುವ ಸಂಖ್ಯೆಗಳನ್ನು ಹುಡುಕಿ ತಂದು ಕೊಡಬೇಕು.

ಕೋಡಿನ ಹಳೆಯ ಆವೃತ್ತಿಗಳನ್ನು ಅರ್ಧ ಮಾಡುತ್ತಾ ಹುಡುಕುವ ಗಿಟ್ ಬೈಸೆಕ್ಟ್ ಓಡಿಸೋಣ ಅಂತ ಒಬ್ಬ ಹೇಳಿದ. ಮುಂಚೆ ಸರಿ ಇದ್ದು ಆಮೇಲೆ ಕೆಟ್ಟದ್ದಕ್ಕೆ ಅದು ಒಳ್ಳೆಯ ಸಾಧನ, ಯಾವ ಕಮಿಟ್‌ನಲ್ಲಿ, ಅಂದರೆ ಉಳಿಸಿಟ್ಟ ಯಾವ ಬದಲಾವಣೆಯಲ್ಲಿ, ಕೆಟ್ಟಿತು ಅಂತ ಹೇಳುತ್ತದೆ. ಇಲ್ಲಿ ಆ ಸಾಲು ಮೊದಲ ಕಮಿಟ್‌ನಿಂದಲೇ ಇತ್ತು. ಎಂದೂ ಸರಿ ಇರಲಿಲ್ಲ. ಇಂಥ ಕಡೆ ಇತಿಹಾಸವನ್ನು ಅರ್ಧ ಮಾಡಿ ಏನೂ ಸಿಗದು, ಸಂಖ್ಯೆಗಳನ್ನೇ ಅರ್ಧ ಮಾಡಬೇಕು.

ಸರಿಪಡಿಸುವುದು

ಮೂರು ದಾರಿ ಇದ್ದವು. ಆ ಒಂದು ಸಂಖ್ಯೆಯನ್ನು ಮಾತ್ರ ಹೆಸರಿಟ್ಟು ಹೊರಗೆ ಹಾಕುವುದು. 2,500 ಕೋಟಿ ಇರುವ ಕಡೆ 3,21,50,31,751 ಎಂದು ಮಿತಿ ಇಳಿಸುವುದು. ಅಥವಾ 11ನ್ನು ಸೇರಿಸುವುದು, ಆಗ 21,52,30,28,98,747ರ ಕೆಳಗೆ ಎಲ್ಲ ಸರಿ. ಮೊದಲನೆಯದರಲ್ಲಿ ತಪ್ಪೇನಿಲ್ಲ, ಆದರೆ ಮುಂದೆ ಯಾರಾದರೂ "ಇದ್ಯಾಕೆ ಇಲ್ಲಿದೆ" ಎಂದು ಆ ಸಾಲನ್ನು ತೆಗೆದುಬಿಡಬಹುದು. ನಾವು ಇನ್ನೂ ಸ್ವಲ್ಪ ಮುಂದೆ ಹೋಗಿ 2ರಿಂದ 37ರ ತನಕ ಇರುವ 12 ಅವಿಭಾಜ್ಯಗಳನ್ನೂ ಹಾಕಿದೆವು. 64 ಬಿಟ್‌ನಲ್ಲಿ ಹಿಡಿಸುವ ಎಲ್ಲ ಸಂಖ್ಯೆಗಳಿಗೂ ಅಷ್ಟು ಸಾಕು ಅಂತ ಸಾಬೀತಾಗಿದೆ. ವೇಗ ಸ್ವಲ್ಪ ಕಡಿಮೆ ಆಗುತ್ತದೆ. ಸರಿಯಾದ ಉತ್ತರಕ್ಕೆ ಆ ಬೆಲೆ ಕೊಡಬಹುದು. 64 ಬಿಟ್ ದಾಟಿದ ಮೇಲೆ ಗೊತ್ತುಪಡಿಸಿದ ಆಧಾರಗಳನ್ನು ನಂಬಬೇಡಿ. 1995ರಲ್ಲಿ ಫ್ರಾನ್ಸಿನ ಆರ್ನೋ ಎಂಬುವವರು 307ರ ಒಳಗಿನ ಎಲ್ಲ ಅವಿಭಾಜ್ಯ ಆಧಾರಗಳನ್ನೂ ಮೋಸ ಮಾಡುವ 397 ಅಂಕಿಗಳ ಸಂಯುಕ್ತ ಸಂಖ್ಯೆಯನ್ನೇ ಕಟ್ಟಿ ತೋರಿಸಿದರು.

ನೀವು ಬಳಸುವ ಪ್ಯಾಕೇಜಿಗೆ ಈ ಸಂಖ್ಯೆಗಳನ್ನು ಕೊಟ್ಟು ನೋಡಿ. ಐದೂ ಸಂಯುಕ್ತ ಸಂಖ್ಯೆಗಳೇ. 2,047 ಅಂದರೆ 23 ಗುಣಿಸು 89. 13,73,653 ಅಂದರೆ 829 ಗುಣಿಸು 1,657. 2,53,26,001 ಅಂದರೆ 2,251 ಗುಣಿಸು 11,251. ಆಮೇಲೆ ನಮ್ಮದು. ಕೊನೆಗೆ 34,15,50,07,17,28,321, ಅಂದರೆ 1,06,70,053 ಗುಣಿಸು 3,20,10,157. ಇದು 17ರ ತನಕದ ಎಲ್ಲ ಅವಿಭಾಜ್ಯ ಆಧಾರಗಳನ್ನೂ ದಾಟುತ್ತದೆ. ಯಾವುದನ್ನಾದರೂ ಅವಿಭಾಜ್ಯ ಅಂದರೆ ಎಲ್ಲಿ ನೋಡಬೇಕು ಅಂತ ಈಗ ನಿಮಗೆ ಗೊತ್ತು.

ವರದಿ ಬರೆಯುವಾಗ ರಾತ್ರಿಯಿಡೀ ಓಡಿದ ಎಣಿಕೆಯ ಕಥೆ ಬೇಡ. ನಾವು ಬರೆದದ್ದು ನಾಲ್ಕು ಸಾಲು. ಈ ಸಂಖ್ಯೆ ಕೊಟ್ಟರೆ ಅವಿಭಾಜ್ಯ ಅನ್ನುತ್ತದೆ, ಇದು 151ರಿಂದ ಭಾಗವಾಗುತ್ತದೆ, ಆವೃತ್ತಿ ಇದು, ತಿದ್ದಿದ ಕೋಡ್ ಜೊತೆಗಿದೆ. ಕೊನೆಯಲ್ಲಿ ಒಂದು ಧನ್ಯವಾದ. ಒಬ್ಬರು ಸುಮ್ನೆ ಪ್ರೀತಿಯಿಂದ ಮಾಡಿದ ಕೆಲಸ ಅದು, ಆ ಒಂದು ಮಾತು ಇರಲೇಬೇಕು. ಎರಡು ದಿನದಲ್ಲಿ ಉತ್ತರ ಬಂತು, ತಿದ್ದುಪಡಿಯನ್ನು ಸೇರಿಸಿಕೊಂಡರು.

ತಿದ್ದುಪಡಿಯ ಜೊತೆ ಒಂದು ಟೆಸ್ಟ್ ಕೂಡ ಹೋಯಿತು. ಮೇಲಿನ ಐದೂ ಸಂಖ್ಯೆಗಳನ್ನು ಕೊಟ್ಟು, ಐದಕ್ಕೂ "ಅಲ್ಲ" ಅನ್ನುವ ಉತ್ತರ ಬರುತ್ತದಾ ಅಂತ ನೋಡುವ ಟೆಸ್ಟ್. ಅದನ್ನು ಬರೆದವನು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ಕಡೆಯ ಹುಡುಗ, ಮೊದಲ ದಿನ "ಬಿಡಿ ಸರ್" ಎಂದವನೇ. ಟೆಸ್ಟಿಗೆ ಅವನಿಟ್ಟ ಹೆಸರು ಓಬವ್ವ. ಕಿಂಡಿಯ ಹತ್ತಿರ ನಿಲ್ಲುವ ಕೆಲಸ ಅದರದ್ದು, ಆ ಹೆಸರೇ ಇರಲಿ ಎಂದೆ.

ಹೊಸ ಆವೃತ್ತಿ ಹಾಕಿ ಮತ್ತೊಂದು ರಾತ್ರಿ ಓಡಿಸಿದೆವು, ಎಣಿಕೆ 45,50,52,511 ಬಂತು, ಮೊತ್ತವೂ ಜರಡಿಯ ಜೊತೆ ಕೂಡಿತು. ಹಳೆಯ ಆವೃತ್ತಿ ಎಲ್ಲೆಲ್ಲಿ ಉಳಿದಿದೆ ಅಂತ ಈಗ ಪಟ್ಟಿ ಮಾಡಿ ಪೆನ್‌ಡ್ರೈವ್ ಹಿಡಿದು ಒಂದೊಂದೇ ಕಂಪ್ಯೂಟರ್ ಬದಲಾಯಿಸುತ್ತಿದ್ದೇವೆ. ಕೋಣೆಯಲ್ಲಿರುವ ಏಳೂ ಮುಗಿದವು. ಮಕ್ಕಳ ಕಾಲೇಜಿನ ಲ್ಯಾಬಿನಲ್ಲಿ ಇನ್ನೆರಡು ಬಾಕಿ ಇವೆ. ಅಲ್ಲೀಗ ಪ್ರಾಯೋಗಿಕ ಪರೀಕ್ಷೆ ನಡೆಯುತ್ತಿದೆ, ಮುಗಿದ ಮರುದಿನ ಬೀಗದ ಕೈ ಕೊಡುತ್ತೇವೆ ಅಂದಿದ್ದಾರೆ.